ತುಂಬುತೋಳಿನ ಅಂಗಿ

"ಹಾಸಿಗೆ ಇಲ್ಲ ಅಂತ ಹೇಳೋಕೆ ನನಗೂ ಬರತ್ತೆ ಸ್ವಾಮಿ, ಹೆರಿಗೆ ನೋವಿಗೆ ಅದನ್ನ ಹೇಳೋರು ಯಾರು?" ಎಂದು ಒಡೆಸ್ಸಾ ಗಿಲೋರಿ ಒಂದು ಫೋನಿಗೆ ಕೇಳಿ, ಇನ್ನೊಂದನ್ನು ಎಡಗಿವಿಗೆ ಒತ್ತಿಕೊಂಡಳು. ಎಡಗಿವಿಯಲ್ಲಿ ಆಮ್ಲಜನಕದ ಸಿಲಿಂಡರ್ ಹೊತ್ತ ಲಾರಿಯವನು ದಾರಿ ತಪ್ಪಿ ಅಳುವ ದನಿಯಲ್ಲಿದ್ದ. ಬಲಗಿವಿಯ ಆಸ್ಪತ್ರೆಯವನು "ಸರಿ ಕಳಿಸಿ, ವರಾಂಡದಲ್ಲಾದರೂ ಮಲಗಿಸ್ತೀವಿ" ಎಂದ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಹಳದಿ ಚರ್ಚು ಕಂಡ ಕೂಡಲೇ ಬಲಕ್ಕೆ ತಿರುಗಿ" ಎಂದಳು ಒಡೆಸ್ಸಾ. ಯಾವ ಮಾತು ಯಾವ ಕಿವಿಯದು ಎಂದು ಅವರಿಬ್ಬರಿಗೂ ಹೇಗೋ ತಿಳಿಯಿತು.

ಶುಕ್ರವಾರ ಚಂಡಮಾರುತ ಕರಾವಳಿಗೆ ಅಪ್ಪಳಿಸಿತ್ತು. ದೊಡ್ಡ ನದಿ ಸಮುದ್ರ ಸೇರುವ ತುದಿಯಲ್ಲಿ, ನೆಲ ಎಲ್ಲಿ ಮುಗಿಯಿತು ನೀರು ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಊರುಗಳಲ್ಲಿ ಬದುಕಿದ್ದ ಜನ ಬಸ್ಸುಗಳಲ್ಲಿ ತುಂಬಿಕೊಂಡು ರಾಜ್ಯದ ಈ ಉತ್ತರದ ಮೂಲೆಗೆ, ಶ್ರೀವ್‌ಪೋರ್ಟಿಗೆ ಬಂದಿಳಿದಿದ್ದರು. ದನಗಳ ಪ್ರದರ್ಶನ ನಡೆಯುವ ದೊಡ್ಡ ಹಾಲ್‌ನಲ್ಲಿ ಅವರಿಗೆ ಮಡಿಸುವ ಮಂಚಗಳನ್ನು ಹಾಕಲಾಗಿತ್ತು. ಎಷ್ಟು ತೊಳೆದರೂ ಆ ಹಾಲಿನ ಮೂಲೆಗಳಿಂದ ಒಣಹುಲ್ಲಿನ ವಾಸನೆ ಹೋಗುತ್ತಿರಲಿಲ್ಲ. "ಯೇಸುಸ್ವಾಮೀನೂ ಇಂಥ ಜಾಗದಲ್ಲೇ ಹುಟ್ಟಿದ್ದು" ಎಂದು ಮೊದಲ ದಿನ ಒಬ್ಬ ಮುದುಕಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಬಂದವರಲ್ಲಿ ಯಾರಿಗೆ ಏನು ಕಾಯಿಲೆ, ಯಾರನ್ನು ಯಾವ ಆಸ್ಪತ್ರೆಗೆ ಸೇರಿಸಬೇಕು, ಇನ್ಸುಲಿನ್ ಎಲ್ಲಿ, ಆಂಬುಲೆನ್ಸ್ ಎಲ್ಲಿ ಎಂಬುದನ್ನೆಲ್ಲ ಊರಿನ ಪರವಾಗಿ ಹೊಂದಿಸುವ ಹೊಣೆ ಒಡೆಸ್ಸಾಳದು. ಆಸ್ಪತ್ರೆಯಲ್ಲಿ ನರ್ಸಾಗಿ ಕೂದಲು ನರೆಸಿಕೊಂಡು ನಗರದ ಕಚೇರಿಗೆ ಬಂದವಳು. ಹಿಂದಿನ ದೊಡ್ಡ ಬಿರುಗಾಳಿಯ ಕಾಲದಲ್ಲಿ ಇದೇ ಹಾಲಿನ ಗದ್ದಲದಲ್ಲಿ ಇಬ್ಬರು, ಯಾರೂ ಗಮನಿಸುವ ಮೊದಲೇ, ಕುಳಿತಲ್ಲೇ ತೀರಿಕೊಂಡಿದ್ದರು. ಅದಾದ ಮೇಲೆ ಅವಳೇ ಕುಳಿತು ಒಂದು ಯೋಜನೆ ಬರೆದಳು. ಬಾಗಿಲಲ್ಲೇ ನರ್ಸ್ ಒಬ್ಬಳು ಕಾಯಿಲೆಯೇನೆಂದು ಕೇಳಬೇಕು. ಯಂತ್ರದ ಆಸರೆ ಬೇಕಾದವರ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟಬೇಕು. ಕೆಂಪು ಪಟ್ಟಿಯವರೆಲ್ಲ ನೂರು ಮೈಲಿ ಆಚೆಯ ಊರಿನಲ್ಲಿ ರೋಗಿಗಳಿಗೆಂದೇ ತೆರೆದ ಆಸರೆಗೆ ಹೋಗಬೇಕು. ಅಲ್ಲಿ ವೈದ್ಯರಿದ್ದಾರೆ, ಯಂತ್ರಗಳಿವೆ. ರೋಗಿಗೇ ಜಾಗ ಸಾಲದ ಕಡೆ ನೆಂಟರಿಗೆ ಜಾಗವಿಲ್ಲ. ಯೋಜನೆಯನ್ನು ಎಲ್ಲರೂ ಹೊಗಳಿದ್ದರು. ಈ ಬಾರಿಯೂ ಕೆಂಪು ಪಟ್ಟಿಯವರು ಬೆಳಿಗ್ಗೆಯೇ ಬಸ್ಸು ಹತ್ತಿ ಹೋಗಿದ್ದರು. ಅವರು ಹೋದ ಮೇಲೆ ಒಡೆಸ್ಸಾ ಮೊದಲ ಸಲ ಬೆನ್ನನ್ನು ಕುರ್ಚಿಗೆ ಆನಿಸಿದ್ದಳು.

ಅಷ್ಟರಲ್ಲಿ ಒಣಹುಲ್ಲಿನ ವಾಸನೆಯನ್ನು ಒತ್ತರಿಸಿಕೊಂಡು ಇನ್ನೊಂದು ಪರಿಮಳ ಬಂತು. ಕೆಂಪು ಬೀನ್ಸ್ ಕಾಳು, ಹೊಗೆಯಾಡಿಸಿದ ಹಂದಿಮೂಳೆ, ಬೆಳ್ಳುಳ್ಳಿ, ಒಣ ಪಲಾವ್ ಎಲೆ. ಹಾಲಿನುದ್ದಕ್ಕೂ ಮಂಚಗಳ ಮೇಲೆ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕುಳಿತರು.

"ಇವತ್ತು ಸೋಮವಾರ ಅಲ್ವಾ!" ಎಂದು ಯಾರೋ ಕೂಗಿದರು. ಮೂರು ದಿನದಿಂದ ಅವರಲ್ಲಿ ಯಾರಿಗೂ ವಾರದ ನೆನಪಿರಲಿಲ್ಲ.

ಬಾಗಿಲಲ್ಲಿ ಒಡೆಸ್ಸಾಳ ತಾಯಿ ಅರ್ಲೀನ್, ಗಿಲ್ಯಾದ್ ಬ್ಯಾಪ್ಟಿಸ್ಟ್ ಚರ್ಚಿನ ಹೆಂಗಸರ ಸೈನ್ಯದೊಂದಿಗೆ ನಿಂತಿದ್ದಳು. ಎಪ್ಪತ್ತು ದಾಟಿದ ಜೀವ, ಎದೆಯ ಮೇಲೆ ಬಿಳಿ ಏಪ್ರನ್, ಕೈಯಲ್ಲಿ ದೊಡ್ಡ ಸೌಟು. ಹುಟ್ಟಿದ್ದು ನ್ಯೂ ಆರ್ಲಿಯನ್ಸಿನಲ್ಲಿ; ಸೋಮವಾರ ಎಂದರೆ ಬೀನ್ಸು ಮತ್ತು ಅನ್ನ ಎಂಬ ಆ ಸೀಮೆಯ ವ್ರತವನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಬಿಟ್ಟವಳಲ್ಲ. "ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತಣ್ಣಗಿನ ಬ್ರೆಡ್ಡು ತಿಂದೂ ತಿಂದೂ ಅವರ ಮುಖ ಕಳೆಗುಂದಿದೆ, ಏನಾದರೂ ಅವರ ಊರಿನ ರುಚಿ ಮಾಡಿ ತಾ ಅಮ್ಮ" ಎಂದು ನಿನ್ನೆ ಕೇಳಿದ್ದವಳು ಒಡೆಸ್ಸಾಳೇ.

"ಡೆಸ್ಸಿ, ನೀನು ತಿಂದ್ಯಾ?"

"ಆಮೇಲೆ ಅಮ್ಮ."

"ಆಮೇಲೆ, ಆಮೇಲೆ. ನಿನ್ನ ಆಮೇಲೆ ಬರೋ ಹೊತ್ತಿಗೆ ಪಾತ್ರೆ ತೊಳೆದಿರ್ತೀವಿ. ಎಲ್ಲಿ, ಸಾಲು ನಿಲ್ಲಿಸು. ಮೊದಲು ಪ್ರಾರ್ಥನೆ, ಆಮೇಲೆ ಅನ್ನ."

ಪ್ರಾರ್ಥನೆ ಚಿಕ್ಕದಾಗಿತ್ತು. ಹಸಿದವರ ಮುಂದೆ ದೇವರೂ ಉದ್ದ ಮಾತು ಕೇಳುವುದಿಲ್ಲ ಎಂಬುದು ಅರ್ಲೀನಳ ನಂಬಿಕೆ. ಬೀನ್ಸು, ಅನ್ನ, ಸಾಸಿವೆ ಸೊಪ್ಪಿನ ಪಲ್ಯ, ಮೆಕ್ಕೆಜೋಳದ ಬ್ರೆಡ್ಡು, ದೊಡ್ಡ ಡ್ರಮ್ಮಿನಲ್ಲಿ ಕಿತ್ತಳೆ ರಸ. ತಟ್ಟೆಗಳು ತುಂಬಿ ಹೋದವು, ಖಾಲಿಯಾಗಿ ಮರಳಿ ಬಂದವು. ಹಾಲಿನಲ್ಲಿ ಮೊದಲ ಬಾರಿಗೆ ನಗು ಕೇಳಿಸಿತು. ಒಡೆಸ್ಸಾ ಎರಡೂ ಫೋನುಗಳನ್ನು ಕವುಚಿ ಹಾಕಿ, ಯಾಕೋ ಮನಸ್ಸು ತಡೆಯದೆ, ಮಂಚಗಳ ನಡುವೆ ಸುಮ್ಮನೆ ನಡೆದಳು.

ಕಂಬದ ಪಕ್ಕದ ಮಂಚದ ಮೇಲೆ ಒಬ್ಬ ಮುದುಕ ಎರಡನೇ ತಟ್ಟೆಯನ್ನು ಬೆರಳಿನಿಂದ ಸವರುತ್ತಿದ್ದ. ಯುಲಿಸ್ ಎಂಕಲಾಡ್ ಎಂದು ಅವನ ಹೆಸರು; ನದಿಯ ಕೊನೆಯಲ್ಲಿ ಸಿಂಪಿ ಹಿಡಿದು ಬಾಳಿದವನು. ಪಕ್ಕದಲ್ಲಿ ಹೆಂಡತಿ ಕ್ಲೋಟಿಲ್ಡ್ ಕ್ಯಾಥೊಲಿಕ್ ಜಪಮಣಿ ಹಿಡಿದು ಕುಳಿತಿದ್ದಳು.

"ನಿಮ್ಮವ್ವ ಅಂತೆ, ಹೌದಾ, ಆ ಸೌಟಿನ ರಾಣಿ?" ಎಂದ ಯುಲಿಸ್. "ಬ್ಯಾಪ್ಟಿಸ್ಟರಾಗಿ ಹುಟ್ಟಿದ್ದೊಂದು ಬಿಟ್ರೆ ಅವರಲ್ಲಿ ಏನೂ ದೋಸ ಇಲ್ಲ ಕಣವ್ವ. ಇಂಥ ಬೀನ್ಸ್ ತಿಂದು ಸತ್ರೂ ಸ್ವರ್ಗವೇ."

"ಸಾಯೋ ಮಾತು ಯಾಕೆ ಅಂತೀನಿ" ಎಂದು ಕ್ಲೋಟಿಲ್ಡ್ ಗದರಿದಳು. ಗದರಿದ ದನಿ ಮಾತಿಗಿಂತ ಹೆಚ್ಚು ಹರಿತವಾಗಿತ್ತು.

ಒಡೆಸ್ಸಾ ನಗುತ್ತಲೇ ಅವನನ್ನು ನೋಡಿದಳು. ನಗು ಮುಖದಲ್ಲೇ ನಿಂತಿತು. ಸೆಪ್ಟೆಂಬರಿನ ಈ ಸೆಕೆಯಲ್ಲಿ ಅವನು ತುಂಬುತೋಳಿನ ದಪ್ಪ ಅಂಗಿ ಹಾಕಿ ಮಣಿಕಟ್ಟಿನವರೆಗೆ ಗುಂಡಿ ಬಿಗಿದಿದ್ದ. ಕಣ್ಣ ಕೆಳಗೆ ನೀರು ತುಂಬಿದಂತೆ ಊದಿತ್ತು. ಚಪ್ಪಲಿಯ ಪಟ್ಟಿ ಕಾಲಿನ ಮಾಂಸದೊಳಗೆ ಹುದುಗಿತ್ತು. ಅವಳು ಮಂಚದ ಅಂಚಿಗೆ ಕುಳಿತು, ಕುಶಲ ಕೇಳುವವಳಂತೆ ಅವನ ಎಡಗೈ ಹಿಡಿದಳು. ಇನ್ನೊಂದು ಕೈಯನ್ನು ಮೆಲ್ಲಗೆ ತೋಳಿನ ಮೇಲಿಟ್ಟಳು. ಬಟ್ಟೆಯ ಅಡಿಯಿಂದ, ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ, ಒಂದು ಅದುರು ಅವಳ ಅಂಗೈಗೆ ಬಂತು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಾಗ ಬರುವ ಅದುರು ಅದು. ನರ್ಸಿನ ಕೈಗೆ ಬೇರೆ ಸಾಕ್ಷಿ ಬೇಕಿಲ್ಲ.

"ಯಾವಾಗ ಮಾಡಿಸಿಕೊಂಡಿದ್ದು ಕೊನೇ ಸಲ?" ಎಂದಳು, ದನಿ ಏರಿಸದೆ.

"ಏನು?"

"ಮಿಸ್ಟರ್ ಎಂಕಲಾಡ್, ನಾನು ಕೈ ಇಟ್ಟಿದೀನಿ. ಅದು ಮಾತಾಡ್ತಾ ಇದೆ."

ಮುದುಕ ಹೆಂಡತಿಯ ಕಡೆ ನೋಡಿದ. ಕ್ಲೋಟಿಲ್ಡ್ ಒಡೆಸ್ಸಾಳ ಕೈಯನ್ನು ನೊಣ ಓಡಿಸುವಂತೆ ಗಂಡನ ತೋಳಿನಿಂದ ಸರಿಸಿ, ಅಲ್ಲಿ ತನ್ನ ಕೈ ಇಟ್ಟಳು.

"ಬಿಡು ನರ್ಸಮ್ಮ. ನಾವು ಏನೂ ಕೇಳಿಲ್ಲ, ನೀನೂ ಏನೂ ಕಂಡಿಲ್ಲ."

"ಅವರು ತಿಂದಿರೋದು ಏನು ಗೊತ್ತಾ? ಬೀನ್ಸು, ಸೊಪ್ಪು, ಕಿತ್ತಳೆ ರಸ. ಕಿಡ್ನಿ ಸರಿ ಇರೋರಿಗೆ ಅಮೃತ. ಇವರಿಗೆ ಅದರಲ್ಲಿರೋ ಪೊಟ್ಯಾಸಿಯಂ ಹೊರಗೆ ಹೋಗಲ್ಲ, ರಕ್ತದಲ್ಲೇ ನಿಂತು ಹೃದಯಾನ ಹಿಡಿಯತ್ತೆ. ನಿಮಗೆ ಹೇಳಿಕೊಟ್ಟಿರ್ತಾರೆ."

"ಗೊತ್ತು ಕಣವ್ವ" ಎಂದ ಯುಲಿಸ್ ಮೆಲ್ಲಗೆ. "ಗುರುವಾರ ಮಾಡಿಸ್ಕೊಂಡಿದ್ದು. ಸುತ್ತ ಎಲ್ಲಾ ತಿನ್ನೋವಾಗ ನಾನೊಬ್ನೇ ಬ್ಯಾಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಗೊತ್ತಾಗ್ತದೆ. ಗೊತ್ತಾದ್ರೆ ಕೆಂಪು ಪಟ್ಟಿ ಕಟ್ತೀರ." ತಪ್ಪು ಒಪ್ಪಿಕೊಳ್ಳುವ ಹುಡುಗನಂತೆ ಹೇಳಿದ: "ಆಮೇಲೆ, ನಿಜ ಹೇಳ್ಲಾ, ವಾಸನೆ ತಡೀನಾರದೆ ಹೋಯ್ತು."

ಕ್ಲೋಟಿಲ್ಡ್ ಜಪಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿದಳು. "ಹಿಂದಿನ ಗಾಳೀಲಿ ನಮ್ಮವ್ವಂಗೆ ಹಿಂಗೇ ಒಂದು ಪಟ್ಟಿ ಕಟ್ಟಿದ್ರು. ನಿನ್ನಂಗೇ ಒಬ್ಳು, ನಗ್ತಾ ನಗ್ತಾ. ರೋಗಿಗಳ ವಿಮಾನ, ನೆಂಟರು ಆಮೇಲೆ ಬರೋದು ಹತ್ಕಳಿ ಅಂದ್ರು. ನಮ್ಮ ವಿಮಾನ ಬೇರೆ ಊರಿಗೆ ಹೋಯ್ತು. ಆಸ್ಪತ್ರೆ ಆಸ್ಪತ್ರೆ ಫೋನ್ ಮಾಡಿ ಹುಡುಕಿದ್ವಿ. ನಮ್ಮವ್ವ ಮನೆಗೆ ಬಂದದ್ದು ಪೆಟ್ಟಿಗೇಲಿ. ಯಾರು ಅವಳ ಬಾಯಿಗೆ ನೀರು ಬಿಟ್ರೋ, ಯಾರು ಕಣ್ಣು ಮುಚ್ಚಿದ್ರೋ, ಇವತ್ತಿಗೂ ಗೊತ್ತಿಲ್ಲ. ನನ್ನ ಗಂಡನ್ನ ಕೊಡಾಕಿಲ್ಲ. ಸಾಯೋದಿದ್ರೆ ನನ್ನ ಪಕ್ಕದಲ್ಲೇ ಸಾಯ್ಲಿ."

ಒಡೆಸ್ಸಾ ಅವನ ಖಾಲಿ ತಟ್ಟೆಯನ್ನು ಮಂಚದಡಿಗೆ ಸರಿಸಿದಳು. ಆ ಪಟ್ಟಿ ಕಟ್ಟಿದವಳು ತಾನಲ್ಲ. ಆದರೆ ಇಂದಿನ ಪಟ್ಟಿ ತನ್ನದೇ.

"ನನ್ನೊಬ್ಬನ್ನೇ ಯಾಕೆ ಹಿಂಗೆ ನೋಡ್ತೀಯ ತಾಯಿ" ಎಂದ ಯುಲಿಸ್. "ಬಸ್ನಾಗೇ ಸೀಟಿಂದ ಸೀಟಿಗೆ ಮಾತು ಹೋಯ್ತು. ಬಾಗಿಲ ನರ್ಸಿಗೆ ಯಾರೂ ಏನೂ ಹೇಳ್ಬ್ಯಾಡಿ, ತೋಳು ಮುಚ್ಕಳಿ ಅಂತ."

"ಬಾಯಿ ಮುಚ್ಕಳಿ!" ಎಂದಳು ಕ್ಲೋಟಿಲ್ಡ್. ತಡವಾಗಿತ್ತು.

ಒಡೆಸ್ಸಾ ಎದ್ದು ನಿಂತು ಹಾಲನ್ನು ನೋಡಿದಳು. ಎರಡು ದಿನದಿಂದ ನೋಡುತ್ತಲೇ ಇದ್ದ ಹಾಲು. ಅಲ್ಲೊಬ್ಬ ಹೆಂಗಸು ಉಣ್ಣೆಯ ಸ್ವೆಟರ್ ಹಾಕಿದ್ದಳು. ಇಲ್ಲೊಬ್ಬ ಯುವಕ ದಪ್ಪ ಕೋಟು ತೊಟ್ಟಿದ್ದ. ಗೋಡೆಯ ಬದಿಯಲ್ಲೊಬ್ಬಳು ಹೆಗಲಿಂದ ಮೊಣಕೈ ದಾಟುವವರೆಗೆ ಟವೆಲ್ ಸುತ್ತಿಕೊಂಡಿದ್ದಳು. ಎ.ಸಿ. ತಂಪು ಜಾಸ್ತಿಯಾಯಿತೇನೋ ಎಂದು ನಿನ್ನೆ ಒಡೆಸ್ಸಾಳೇ ಅದನ್ನು ಕಡಿಮೆ ಮಾಡಿಸಿದ್ದಳು. ಎಲ್ಲರ ಕೈಯಲ್ಲೂ ತಟ್ಟೆಗಳಿದ್ದವು.

ಮೈಕಿನ ಹತ್ತಿರ ಹೋಗಿ ಹೇಳಿದಳು, ಕಿಡ್ನಿ ತೊಂದರೆ ಇರುವವರು ದಯವಿಟ್ಟು ಮುಂದೆ ಬರಬೇಕು, ಊಟ ಅಲ್ಲಿಗೇ ನಿಲ್ಲಿಸಬೇಕು, ಯಾರನ್ನೂ ದೂರ ಕಳಿಸುವುದಿಲ್ಲ. ದನಗಳ ಬೆಲೆ ಕೂಗಲು ಹಾಕಿದ್ದ ಆ ಮೈಕು ಅವಳ ದನಿಯನ್ನು ಒರಟು ಮಾಡಿ ಗೋಡೆಗಳಿಗೆ ಬಡಿಯಿತು. ಯಾರೂ ಏಳಲಿಲ್ಲ. ಒಂದಿಬ್ಬರು ತಟ್ಟೆಯನ್ನು ಮೆಲ್ಲಗೆ ಮಂಚದ ಅಡಿಗೆ ಸರಿಸಿದರು. ಅಷ್ಟೇ.

ಅರ್ಲೀನ್ ಸೌಟು ಹಿಡಿದೇ ಧಾವಿಸಿ ಬಂದಳು.

"ಏನೇ ಇದು? ನನ್ನ ಊಟ ತಿನ್ನಬೇಡಿ ಅಂತ ಊರಿಗೆಲ್ಲ ಕೂಗಿ ಹೇಳ್ತಿದೀಯ! ಬೆಳಗಿನ ಜಾವ ಎದ್ದು ಒಲೆ ಮುಂದೆ ನಿಂತಿರೋ ಹೆಂಗಸರ ಮುಖ ನೋಡು ಹೋಗು. ಮಾಡಿ ತಾ ಅಂದೋಳು ನೀನೇ ತಾನೆ?"

"ನಾನೇ ಅಮ್ಮ. ಎಲ್ಲಾ ನಾನೇ" ಎಂದಳು ಒಡೆಸ್ಸಾ. ತಾಯಿಯನ್ನು ಕಂಬದ ಮರೆಗೆ ಕರೆದು, ಇದ್ದದ್ದನ್ನು ಇದ್ದಂತೆ ಹೇಳಿದಳು.

ಅರ್ಲೀನಳ ಸೌಟು ಕೆಳಗಿಳಿಯಿತು. ಕಂಬದಾಚೆ ಕುಳಿತಿದ್ದ ಯುಲಿಸ್‌ನನ್ನು ನೋಡಿದಳು. "ಆ ಮನುಷ್ಯ ಚೆನ್ನಾಗಿದೆ ಅಂದ ಅಂತ ಇನ್ನೊಂದು ಸೌಟು ಜಾಸ್ತಿ ಹಾಕಿದೆ. ನಾನೇ ಕೈಯಾರೆ" ಎಂದಳು. ಅವಳ ತುಟಿಗಳು ಪ್ರಾರ್ಥನೆಯಂತೆ ಅಲುಗಿದವು.

ಒಡೆಸ್ಸಾ ರಾಜಧಾನಿಯ ಕಚೇರಿಗೆ ಫೋನ್ ಮಾಡಿದಳು. ಕಾಯಿಲೆಯವರು ಸಿಕ್ಕಿದರೆ ಪಟ್ಟಿ ಕಟ್ಟಿ ಆಚೆಯ ಊರಿಗೆ ಕಳಿಸಿ, ಊರೊಳಗಿನ ಡಯಾಲಿಸಿಸ್ ಕುರ್ಚಿಗಳು ಊರಿನವರಿಗೆ, ಯೋಜನೆ ಹಾಗೆಂದೇ ಹೇಳುತ್ತದೆ ಎಂದು ಅಲ್ಲಿಯ ಹುಡುಗ ಅವಳೇ ಬರೆದ ಸಾಲುಗಳನ್ನು ಅವಳಿಗೇ ಓದಿ ಹೇಳಿದ. "ಚೆನ್ನಾಗಿ ಓದ್ತೀಯಪ್ಪ" ಎಂದು ಫೋನ್ ಇಟ್ಟಳು. ನೂರು ಮೈಲಿ ಹೋಗುವಷ್ಟು ಹೊತ್ತು ಆ ಮುದುಕನ ಹೃದಯ ಕಾಯುತ್ತದೆ ಎಂಬ ಭರವಸೆ ಅವಳಿಗಿರಲಿಲ್ಲ. ಅವನನ್ನು ಹಿಡಿದೆಳೆದು ಬಸ್ಸು ಹತ್ತಿಸಿದರೆ ಉಳಿದ ತೋಳುಗಳು ಇನ್ನೆಂದೂ ತೆರೆಯುವುದಿಲ್ಲ ಎಂಬುದು ಮಾತ್ರ ಖಚಿತವಾಗಿತ್ತು.

ಆಮೇಲೆ ಊರಿನ ಡಯಾಲಿಸಿಸ್ ಕೇಂದ್ರದ ಹೋಲ್ಕೂಂಬನಿಗೆ ಫೋನ್ ಮಾಡಿದಳು. ಆಸ್ಪತ್ರೆಯ ದಿನಗಳಿಂದ ಪರಿಚಯದವನು.

"ಕುರ್ಚಿ ಇದೆಯಾ?"

"ಈ ಸರದಿ ಮುಗೀತಾ ಇದೆ. ನಮ್ಮ ಹುಡುಗೀರು ಮನೆಗೆ ಹೊರಟಿದಾರೆ."

"ಬಾಗಿಲಿಗೆ ಅಡ್ಡ ನಿಲ್ಲಿ."

"ಆರು ಕುರ್ಚಿ ಕೊಡಬಲ್ಲೆ. ಉಳಿದಿದ್ದು ಸಂಜೆ ಮೇಲೆ. ಯಾರ ಅಪ್ಪಣೆ ಅಂತ ಬರೀಲಿ ಒಡೆಸ್ಸಾ?"

"ನನ್ನದು."

"ಕೆಲಸ ಹೋಗತ್ತೆ ನಿಮ್ಮದು."

"ಆಮೇಲೆ ನೋಡೋಣ" ಎಂದಳು.

ಕಂಬದ ಹತ್ತಿರ ಮರಳಿ ಬಂದಾಗ ಯುಲಿಸ್ ಮಲಗಿದ್ದ. ನರ್ಸ್ ಒಬ್ಬಳು ಇ.ಸಿ.ಜಿ.ಗೆಂದು ಎದೆಗೆ ತಂತಿ ಹಚ್ಚಲು ಬಂದರೆ ಕ್ಲೋಟಿಲ್ಡ್ ಬಿಟ್ಟಿರಲಿಲ್ಲ. ಸುತ್ತಲಿನ ಮಂಚಗಳವರು ನೋಡುತ್ತಿದ್ದರು.

"ಕಾಲು ಗಂಟೆ ದಾರಿ" ಎಂದಳು ಒಡೆಸ್ಸಾ ಎಲ್ಲರಿಗೂ ಕೇಳುವಂತೆ. "ಇದೇ ಊರು. ಹೋಗಿ, ಮಾಡಿಸಿಕೊಂಡು, ಸಂಜೆ ಇದೇ ಮಂಚಕ್ಕೆ ಬರ್ತಾರೆ. ಪಟ್ಟಿ ಇಲ್ಲ. ನಮ್ಮ ವ್ಯಾನಿನಲ್ಲಿ ಹಿಡಿಸೋದು ರೋಗಿಗಳು ಮಾತ್ರ, ಆದರೆ ವಾಪಸ್ ತರೋದು ನನ್ನ ಹೊಣೆ. ನನ್ನ ಮಾತು ಇದು."

"ಮಾತು!" ಎಂದಳು ಕ್ಲೋಟಿಲ್ಡ್. "ಆವತ್ತೂ ಮಾತೇ ಕೊಟ್ಟಿದ್ರು. ಮಾತಿಗೆ ಒತ್ತೆ ಏನಿಡ್ತೀಯ ನರ್ಸಮ್ಮ? ನಿಂದೇನು ಹೋಗ್ತದೆ?"

ಗೋಡೆಯ ಬದಿಯ ಟವೆಲಿನ ಹೆಂಗಸೂ ಹೌದೆಂಬಂತೆ ತಲೆಯಾಡಿಸಿದಳು. ಒಡೆಸ್ಸಾಳ ಕೊರಳಲ್ಲಿ ನಗರದ ಗುರುತಿನ ಚೀಟಿ ತೂಗುತ್ತಿತ್ತು, ಕೈಯಲ್ಲಿ ಎರಡು ಫೋನುಗಳಿದ್ದವು. ಒತ್ತೆಯಿಡುವಂಥದ್ದು ಅವಳಲ್ಲಿ ಏನೂ ಇರಲಿಲ್ಲ.

"ನನ್ನ ಇಟ್ಕೊಳ್ಳಿ" ಎಂದಳು ಅರ್ಲೀನ್.

ಎಲ್ಲರೂ ತಿರುಗಿದರು. ಅವಳು ಸೌಟನ್ನು ಪಕ್ಕದ ಚರ್ಚಿನ ಹೆಂಗಸಿನ ಕೈಗೆ ಕೊಟ್ಟು ಮುಂದೆ ಬಂದಿದ್ದಳು.

"ಇವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಇರೋದು ನಾನೊಬ್ಬಳು. ನಾನು ಆ ವ್ಯಾನಿನಲ್ಲಿ ಕೂರ್ತೀನಿ. ನಿಮ್ಮೋರು ಎಲ್ಲಿಗೆ ಹೋಗ್ತಾರೋ ಅಲ್ಲಿಗೆ ಹೋಗ್ತೀನಿ. ಅವರು ಬಂದರೆ ಬರ್ತೀನಿ, ಬರದಿದ್ದರೆ ಬರಲ್ಲ. ನನ್ನ ಮಗಳಿಗೆ ಅವ್ವ ಬೇಕಾದರೆ ನಿಮ್ಮೋರನ್ನೂ ತರಲೇಬೇಕು. ಸಾಕಾ?"

"ಅಮ್ಮ, ವ್ಯಾನಿನಲ್ಲಿ ಜಾಗ..."

"ನೆಲದ ಮೇಲೆ ಕೂರ್ತೀನಿ. ನೀನು ಸುಮ್ಮನಿರು."

ಕ್ಲೋಟಿಲ್ಡ್ ಅವಳನ್ನು ಮುಡಿಯಿಂದ ಅಡಿಯವರೆಗೆ ನೋಡಿದಳು. ಏಪ್ರನ್ನಿನ ಮೇಲೆ ಬೀನ್ಸಿನ ಕೆಂಪು ರಸ ಸಿಡಿದು ಒಣಗಿತ್ತು. ಇಬ್ಬರು ಹೆಂಗಸರೂ ಸುಮಾರು ಒಂದೇ ವಯಸ್ಸಿನವರು; ಇಬ್ಬರ ಕೈಗಳೂ ಒಂದೇ ಬಗೆಯಲ್ಲಿ ಸುಕ್ಕಾಗಿದ್ದವು.

"ರಾತ್ರಿ ಹೊತ್ತು ಅವರ ಆ ತೋಳಿನ ಮೇಲೆ ಕೈ ಇಟ್ಕೊಂಡೇ ನಾನು ನಿದ್ದೆ ಮಾಡೋದು" ಎಂದಳು ಕ್ಲೋಟಿಲ್ಡ್. "ಗುರುಗುಟ್ತಾ ಇದ್ರೆ ಅವರು ಇದಾರೆ ಅಂತ."

"ಇವತ್ತು ನಾನು ಇಟ್ಕೋತೀನಿ" ಎಂದಳು ಅರ್ಲೀನ್.

"ನನ್ನ ಕೇಳೋರೇ ಇಲ್ವಾ?" ಎಂದ ಯುಲಿಸ್, ಮಲಗಿದಲ್ಲಿಂದ. "ಒಬ್ಬ ಗಂಡಸಿಗೆ ಇಬ್ಬರು ಹೆಂಗಸರ ಕಾವಲು!" ಯಾರೋ ಕಿಸಕ್ಕೆಂದರು. ಅವನು ಎದ್ದು ಕುಳಿತು, ಊದಿದ ಬೆರಳುಗಳಿಂದ ಕಷ್ಟಪಟ್ಟು ಮಣಿಕಟ್ಟಿನ ಗುಂಡಿ ಬಿಚ್ಚಿ, ತೋಳನ್ನು ಮೇಲಕ್ಕೆ ಮಡಿಸಿದ. ಮೊಣಕೈ ಬಳಿ ನಾಳ ಹಗ್ಗದಂತೆ ಹೊರಳಿ ಉಬ್ಬಿತ್ತು.

ಗೋಡೆಯ ಬದಿಯವಳ ಟವೆಲ್ ಕೆಳಗೆ ಜಾರಿತು. ಉಣ್ಣೆಯ ಸ್ವೆಟರ್ ತಲೆಯ ಮೇಲಿಂದ ಹೊರಬಂತು. ಕೋಟಿನ ಯುವಕ ಅಕ್ಕಪಕ್ಕ ನೋಡಿ ನಾಚಿಕೊಂಡು ಒಂದು ಕೈಯನ್ನಷ್ಟೇ ಕಳಚಿದ. ಆ ದೊಡ್ಡ ಹಾಲಿನಲ್ಲಿ ಅಲ್ಲೊಂದು ಇಲ್ಲೊಂದು ತೋಳು, ಭಾನುವಾರದ ಪ್ರಾರ್ಥನೆಯಲ್ಲಿ ಕೈಯೆತ್ತಿದಂತೆ, ಬೆಳಕಿಗೆ ಬಂತು. ಎಣಿಸಿದರೆ ಒಂಬತ್ತು. ಕುರ್ಚಿ ಆರು.

ನರ್ಸುಗಳು ಎದೆಗೆ ತಂತಿ ಹಚ್ಚಿ, ಪೊಟ್ಯಾಸಿಯಂ ಏರಿ ಹೃದಯದ ಅಲೆ ಹೆಚ್ಚು ಚೂಪಾಗಿದ್ದವರನ್ನು ಮೊದಲು ಆರಿಸಿದರು. ಯುಲಿಸ್‌ನದು ಎಲ್ಲರಿಗಿಂತ ಚೂಪಾಗಿತ್ತು. ಉಳಿದ ಮೂವರನ್ನು ಒಡೆಸ್ಸಾ ತನ್ನ ಮೇಜಿನ ಪಕ್ಕದಲ್ಲೇ ಕೂರಿಸಿಕೊಂಡು, ಅವರ ತಟ್ಟೆಗಳನ್ನು ತಾನೇ ಎತ್ತಿದಳು. ವ್ಯಾನು ಹೊರಟಾಗ ಹಿಂದಿನ ಗಾಜಿನಲ್ಲಿ ಅರ್ಲೀನಳ ಬಿಳಿ ತಲೆ ಕಂಡಿತು. ಅವಳು ತಿರುಗಿ ನೋಡಲಿಲ್ಲ. ಅವಳ ಕೈ ಪಕ್ಕದವನ ತೋಳಿನ ಮೇಲಿತ್ತು.

ಮಧ್ಯಾಹ್ನ ಸವೆಯಿತು. ಹೆರಿಗೆಗೆ ಹೋದವಳಿಗೆ ಹೆಣ್ಣು ಮಗುವಾಯಿತೆಂದು ವರಾಂಡದಿಂದ ಸುದ್ದಿ ಬಂತು. ಆಮ್ಲಜನಕದ ಲಾರಿ ಕೊನೆಗೂ ಸರಿಯಾದ ಹಳದಿ ಚರ್ಚನ್ನು ಕಂಡುಕೊಂಡಿತು. ಬೀನ್ಸಿನ ದೊಡ್ಡ ಪಾತ್ರೆ ಮುಚ್ಚಳ ಹಾಕಿಕೊಂಡು ಮೂಲೆಯಲ್ಲಿ ಆರುತ್ತಿತ್ತು. ಚರ್ಚಿನ ಹೆಂಗಸರು ಬರಿಯ ಅನ್ನ ಬಸಿದು, ಉಪ್ಪಿಲ್ಲದ ಕೋಳಿ ಬೇಯಿಸಿ, ಆ ಮೂವರಿಗೆ ಬೇರೆ ತಟ್ಟೆ ಮಾಡಿದರು. ಕ್ಲೋಟಿಲ್ಡ್ ಬಾಗಿಲ ಹತ್ತಿರ ಒಂದು ಮಡಿಸುವ ಕುರ್ಚಿ ಎಳೆದುಕೊಂಡು ಕುಳಿತಳು. ಒಡೆಸ್ಸಾ ಫೋನಿನಲ್ಲಿ ಮಾತಾಡುವಾಗಲೆಲ್ಲ ಆ ಬೆನ್ನು ಅವಳಿಗೆ ಕಾಣುತ್ತಿತ್ತು. ಪ್ರಭುವೇ, ಎಂದು ಮನಸ್ಸಿನಲ್ಲೇ ಶುರು ಮಾಡುವಳು. ಮುಂದೆ ಏನು ಕೇಳಬೇಕೆಂದು ತೋಚದೆ ಅಲ್ಲಿಗೇ ಬಿಡುವಳು. ಆ ಒಂದು ಪದವೇ ದಿನವಿಡೀ ಅವಳ ಪ್ರಾರ್ಥನೆಯಾಯಿತು.

ಸಂಜೆಗೆ ಇನ್ನೂ ಎರಡು ಬಸ್ಸು ಬರುತ್ತಿವೆ ಎಂದು ತಿಳಿಸಿದರು. ನೆರವಿಗೆ ಬಂದವರು ಖಾಲಿ ಮಂಚಗಳನ್ನು ಹುಡುಕತೊಡಗಿದರು.

ಬಿಸಿಲು ಕೆಂಪಾಗುವ ಹೊತ್ತಿಗೆ ವ್ಯಾನು ಬಂತು. ತೋಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಒಬ್ಬೊಬ್ಬರೇ ಇಳಿದರು. ಟವೆಲಿನ ಹೆಂಗಸು, ಕೋಟಿನ ಯುವಕ, ಇನ್ನಿಬ್ಬರು, ಮತ್ತೊಬ್ಬಳು. ಒಳಗಿನವರು ಓಡಿ ಬಂದು ಅವರನ್ನು ಅಪ್ಪಿಕೊಂಡರು. ಕ್ಲೋಟಿಲ್ಡ್ ಕುರ್ಚಿಯಿಂದ ಎದ್ದು ವ್ಯಾನಿನ ಬಾಗಿಲನ್ನೇ ನೋಡುತ್ತಾ ನಿಂತಳು. ಬಾಗಿಲಲ್ಲಿ ಇನ್ನಾರೂ ಕಾಣಿಸಲಿಲ್ಲ.

ಚಾಲಕ ಚಾನ್ಸಿ ಮಡಿಸಿದ ಬಿಳಿ ಬಟ್ಟೆಯೊಂದನ್ನು ಹಿಡಿದು ಒಡೆಸ್ಸಾಳ ಹತ್ತಿರ ಬಂದ. ತಾಯಿಯ ಏಪ್ರನ್.

"ಕುರ್ಚಿ ಮೇಲೇ ಮಿಸ್ಟರ್ ಎಂಕಲಾಡ್ ಅವರ ಎದೆಬಡಿತ ತಪ್ಪಿತು ಮೇಡಂ. ಆಂಬುಲೆನ್ಸಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರು. ನೆಂಟರಲ್ಲದವರು ಹತ್ತೋ ಹಾಗಿಲ್ಲ ಅಂದ್ರೆ ಮಿಸ್ ಅರ್ಲೀನ್ ಕೇಳಬೇಕಲ್ಲ. 'ನಾನು ನೆಂಟಳಲ್ಲ ಕಣಯ್ಯ, ನಾನು ಒತ್ತೆ, ನೀವು ನನ್ನ ಇಳಿಸೋ ಹಾಗೇ ಇಲ್ಲ' ಅಂತ ಹತ್ತಿ ಕೂತರು." ಅವನು ಕ್ಲೋಟಿಲ್ಡಳ ಕಡೆ ತಿರುಗಿ, ಟೋಪಿ ತೆಗೆದು, ಪಾಠ ಒಪ್ಪಿಸುವವನಂತೆ ಹೇಳಿದ: "ಅಮ್ಮ, ಇದನ್ನ ನಿಮಗೆ ಕೊಡು ಅಂದರು. 'ಕೈ ಇಟ್ಟಿದೀನಿ, ಗುರುಗುಟ್ತಾ ಇದೆ' ಅಂತ ಹೇಳು ಅಂದರು."

"ಯಾವಾಗ ಅಂದಿದ್ದು?" ಎಂದು ಕೇಳಿದಳು ಕ್ಲೋಟಿಲ್ಡ್.

"ಆಂಬುಲೆನ್ಸ್ ಬಾಗಿಲು ಹಾಕೋ ಮುಂಚೆ."

ಅಂದರೆ ಎಷ್ಟು ಹೊತ್ತಾಯಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಚಾನ್ಸಿ ಹೇಳುತ್ತಿರಲಿಲ್ಲ. ಸುತ್ತ ಜನ ಸೇರಿದ್ದರು. ಮೇಜಿನ ಪಕ್ಕ ಕುಳಿತಿದ್ದ ಮೂವರೂ ಎದ್ದು ಬಂದು ನೋಡುತ್ತಿದ್ದರು, ಈಗ ಅವರ ಸರದಿ. ಅವರಲ್ಲೊಬ್ಬ ಮಡಿಸಿದ ತೋಳನ್ನು ಅರಿವಿಲ್ಲದೆ ಮತ್ತೆ ಕೆಳಗಿಳಿಸುತ್ತಿದ್ದ.

ಒಡೆಸ್ಸಾ ವ್ಯಾನಿನ ಬಾಗಿಲನ್ನು ಪೂರ್ತಿ ಸರಿಸಿದಳು. "ಚಾನ್ಸಿ, ಮೊದಲು ದೊಡ್ಡಾಸ್ಪತ್ರೆ. ಇವರನ್ನ ಗಂಡನ ಹಾಸಿಗೆವರೆಗೆ ಬಿಟ್ಟು, ಆಮೇಲೆ ಈ ಮೂವರನ್ನ ಕೇಂದ್ರಕ್ಕೆ. ಇವರ ಜೊತೆಯವರೂ ಹತ್ತಲಿ. ಎಷ್ಟು ಜನ ಹಿಡಿಸ್ತಾರೋ ಅಷ್ಟು."

"ರೂಲು ಮೇಡಂ?"

"ರೂಲು ನನ್ನ ಹತ್ತಿರ ಇದೆ, ನೀನು ಗಾಡಿ ಬಿಡು."

ಕ್ಲೋಟಿಲ್ಡ್ ಏಪ್ರನ್ನನ್ನು ಬಿಡಿಸಿ, ತನ್ನ ಉಡುಪಿನ ಮೇಲೆ ಸೊಂಟಕ್ಕೆ ಕಟ್ಟಿಕೊಂಡಳು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು.

"ಮಂಚ ಹೋಗ್ತದೆ. ಬಸ್ಸು ಬರ್ತಾ ಅವೆ. ಕಂಬದ ಪಕ್ಕದ್ದು ನಮ್ಮದು."

"ಹೋಗಲ್ಲ" ಎಂದಳು ಒಡೆಸ್ಸಾ.

ವ್ಯಾನು ತಿರುವಿನಲ್ಲಿ ಮರೆಯಾಯಿತು. ಅದು ಹೋದ ದಾರಿಯಲ್ಲೇ, ಎದುರಿನಿಂದ, ದೀಪ ಹಚ್ಚಿಕೊಂಡು ಮೊದಲ ಬಸ್ಸು ಬಂತು. ಬಾಗಿಲ ನರ್ಸ್ ಕೆಂಪು ಪಟ್ಟಿಗಳ ಪೆಟ್ಟಿಗೆಯನ್ನು ಹಿಡಿದು ಒಡೆಸ್ಸಾಳ ಮುಖ ನೋಡಿದಳು. ಒಡೆಸ್ಸಾ ಆ ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಒಳಗೆ ನಡೆದು, ಕಂಬದ ಪಕ್ಕದ ಮಂಚದ ಮೇಲೆ ಕುಳಿತಳು. ಪೆಟ್ಟಿಗೆಯನ್ನು ಮಂಚದಡಿಗೆ, ಯುಲಿಸ್ ಬಿಟ್ಟುಹೋದ ಖಾಲಿ ತಟ್ಟೆಯ ಪಕ್ಕಕ್ಕೆ ಸರಿಸಿದಳು. ಒಂದು ಫೋನು ಹೊಡೆದುಕೊಳ್ಳುತ್ತಿತ್ತು, ಆಮೇಲೆ ಎರಡನೆಯದೂ ಶುರುವಾಯಿತು. ಒದ್ದೆ ಗಂಟುಗಳನ್ನು ಹೊತ್ತ ಜನ ಒಳಗೆ ಬರುತ್ತಿದ್ದರು.

ಅವರಲ್ಲೊಬ್ಬ ಹೆಂಗಸು, ಮಗುವನ್ನು ಹೆಗಲಿಗೆ ಹಾಕಿಕೊಂಡವಳು, ಹತ್ತಿರ ಬಂದು ಕೇಳಿದಳು: "ಇಲ್ಲಿ ಯಾರಾದ್ರೂ ಇದಾರಾ?"

ಒಡೆಸ್ಸಾ ಸ್ವಲ್ಪ ಸರಿದು ಅವಳಿಗೆ ಕೂರಲು ಅಂಚಿನಲ್ಲಿ ಜಾಗ ಮಾಡಿದಳು. "ಇದಾರೆ" ಎಂದಳು, ದಿಂಬಿನ ತಗ್ಗಿನ ಮೇಲೆ ಅಂಗೈಯಿಟ್ಟು.